ಔಷಧಕ್ಕೆ ಬಗ್ಗದ ಟೈಫಾಯ್ಡ್ ಮತ್ತು ಜೀನೋಮ್ ಸೀಕ್ವೆನ್ಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧ ನಿರೋಧಕ ಟೈಫಾಯ್ಡ್ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ರೋಗಿಗಳ ಮನೆಯವರು, ವೈದ್ಯಕೀಯ ವಿದ್ಯಾರ್ಥಿಗಳು, ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತುಗಳಲ್ಲಿ ಉಳಿಸಿಕೊಂಡು, ಸರಳವಾದವುಗಳಿಂದ ಮೊದಲುಮಾಡಿ ಇಲ್ಲಿ ಉತ್ತರಿಸಿದೆ.

## ಮೊದಲಿನ ಪ್ರಶ್ನೆಗಳು

ಟೈಫಾಯ್ಡ್ ಹಳೆಯ ಕಾಯಿಲೆಯಲ್ಲವೇ? ಈಗ ಅದರ ಬಗ್ಗೆ ಇಷ್ಟು ಆತಂಕ ಏಕೆ?

ಕಾಯಿಲೆ ಹಳೆಯದು, ಅದನ್ನು ತರುವ ಬ್ಯಾಕ್ಟೀರಿಯಾ ಮಾತ್ರ ಬದಲಾಗುತ್ತಲೇ ಇದೆ. ವಿಷಮಶೀತ ಜ್ವರ ಎಂದೂ ಕರೆಯುವ ಟೈಫಾಯ್ಡ್‌ಗೆ ಕಾರಣ ಸಾಲ್ಮೊನೆಲ್ಲಾ ಟೈಫಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 90 ಲಕ್ಷ ಮಂದಿಗೆ ಈ ಜ್ವರ ಬಂದಿತ್ತು, 1,10,000 ಮಂದಿ ಅದರಿಂದ ಸತ್ತರು. 1948ರಲ್ಲಿ ಕ್ಲೋರಾಂಫೆನಿಕಾಲ್ ಬಳಕೆಗೆ ಬಂದಾಗ ಈ ರೋಗ ಹದ್ದುಬಸ್ತಿಗೆ ಬಂತೆಂದೇ ಜನ ನಂಬಿದ್ದರು. ಆದರೆ 1972ರಲ್ಲಿ ಮೆಕ್ಸಿಕೋದಲ್ಲಿಯೂ ಕೇರಳದ ಕೋಳಿಕ್ಕೋಡಿನಲ್ಲಿಯೂ ಆ ಔಷಧಕ್ಕೆ ಜಗ್ಗದ ಟೈಫಾಯ್ಡ್ ಹರಡಿತು. ಮುಂದೆ ಆ್ಯಂಪಿಸಿಲಿನ್ ಮತ್ತು ಕೋಟ್ರೈಮಾಕ್ಸಜೋಲ್‌ಗಳೂ ಕೈಕೊಟ್ಟವು. ಅವುಗಳ ಬದಲಿಗೆ ಬಂದ ಸಿಪ್ರೊಫ್ಲಾಕ್ಸಸಿನ್ ದಕ್ಷಿಣ ಏಷ್ಯಾದಲ್ಲಿ ಇಂದು ಹೆಚ್ಚಿನ ರೋಗಿಗಳಲ್ಲಿ ನಂಬುವಂತಿಲ್ಲ. ಒಂದೊಂದು ಔಷಧ ಸೋತಾಗಲೂ ಅದರ ಹಿಂದೆ ಇನ್ನೊಂದಿತ್ತು. ಆ ಸಾಲು ಈಗ ಬಹಳ ಗಿಡ್ಡವಾಗಿರುವುದೇ ಆತಂಕಕ್ಕೆ ಕಾರಣ.

ಪದೇ ಪದೇ ಮಾತ್ರೆ ತಿಂದು ನನ್ನ ದೇಹ ಔಷಧಕ್ಕೆ ಒಗ್ಗಿಹೋಗಿದೆಯೇ?

ಇಲ್ಲ. ನಿರೋಧಕತೆ ಬರುವುದು ಬ್ಯಾಕ್ಟೀರಿಯಾಕ್ಕೆ, ಮನುಷ್ಯನ ದೇಹಕ್ಕಲ್ಲ. ಹಾಗಾಗಿಯೇ ಜೀವನದಲ್ಲಿ ಒಮ್ಮೆಯೂ ಆ್ಯಂಟಿಬಯಾಟಿಕ್ ನುಂಗದ ಮಗುವಿಗೂ ಮೊದಲ ಸೋಂಕಿನಲ್ಲೇ ನಿರೋಧಕ ಟೈಫಾಯ್ಡ್ ಬರಬಹುದು. ಕುಡಿದ ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಆ ಗುಣವನ್ನು ಹೊತ್ತುಕೊಂಡೇ ಒಳಗೆ ಬಂದಿರುತ್ತದೆ.

ಜೀನೋಮ್ ಸೀಕ್ವೆನ್ಸಿಂಗ್ ಎಂದರೆ ನಿಜವಾಗಿ ಏನನ್ನು ಓದುತ್ತಾರೆ?

ಬ್ಯಾಕ್ಟೀರಿಯಾದ ಇಡೀ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುತ್ತಾರೆ. ಸಾಲ್ಮೊನೆಲ್ಲಾ ಟೈಫಿಯ ಜೀನೋಮಿನಲ್ಲಿ ಸುಮಾರು 48 ಲಕ್ಷ ಅಕ್ಷರಗಳಿವೆ. ವಿಯೆಟ್ನಾಮಿನ ರೋಗಿಯೊಬ್ಬರಿಂದ ಪಡೆದ, ಸಿಟಿ18 ಎಂಬ ಹೆಸರಿನ ತಳಿಯ ಪೂರ್ಣ ಜೀನೋಮ್ 2001ರಲ್ಲಿ ಪ್ರಕಟವಾಯಿತು. ಇಂದಿಗೂ ಹೊಸ ಮಾದರಿಗಳನ್ನು ಸಾಮಾನ್ಯವಾಗಿ ಅದರ ಪಕ್ಕದಲ್ಲಿಟ್ಟೇ ಹೋಲಿಸುತ್ತಾರೆ.

ಹೋಲಿಕೆಯಿಂದ ಏನು ಸಿಗುತ್ತದೆ ಎಂಬುದನ್ನು ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆ ಬಲ್ಲವರಿಗೆ ವಿವರಿಸುವುದು ಸುಲಭ. ಓಲೆಗರಿಯನ್ನು ನಕಲು ಮಾಡುವಾಗ ಲಿಪಿಕಾರನೊಬ್ಬ ಮಾಡಿದ ತಪ್ಪು ಅವನ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಉಳಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಅವೆರಡಕ್ಕೂ ಮೂಲಪ್ರತಿ ಒಂದೇ ಎಂದು ಸಂಪಾದಕರು ತರ್ಕಿಸುತ್ತಾರೆ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವಾಗ ಅಪರೂಪಕ್ಕೆ ನುಸುಳುವ ಅಕ್ಷರ ಬದಲಾವಣೆಗಳಿಂದ ರೋಗಾಣುವಿನ ವಂಶವೃಕ್ಷವನ್ನು ಕಟ್ಟುವುದೂ ಇದೇ ತರ್ಕದಿಂದ.

ವಿಡಾಲ್ ಪಾಸಿಟಿವ್ ಬಂದಿದೆ. ಅದೇ ರಕ್ತದಿಂದ ಸೀಕ್ವೆನ್ಸಿಂಗ್ ಮಾಡಿಸಬಹುದೇ?

ಸಾಧ್ಯವಿಲ್ಲ. ವಿಡಾಲ್ ಪರೀಕ್ಷೆ ಅಳೆಯುವುದು ರಕ್ತದಲ್ಲಿರುವ ಪ್ರತಿಕಾಯಗಳನ್ನು. ಅವು ಹಿಂದಿನ ಸೋಂಕಿನಿಂದಲೋ ಬೇರೆ ಸಾಲ್ಮೊನೆಲ್ಲಾಗಳಿಂದಲೋ ಬಂದಿರಬಹುದು. ಸೀಕ್ವೆನ್ಸಿಂಗ್‌ಗೆ ಜೀವಂತ ಬ್ಯಾಕ್ಟೀರಿಯಾ ಕೈಗೆ ಸಿಗಬೇಕು, ಅದಕ್ಕೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಆಗಲೇಬೇಕು. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಆದ್ದರಿಂದ ಕಲ್ಚರ್ ಕೂಡ ಸುಮಾರು 60 ಶೇಕಡಾ ರೋಗಿಗಳಲ್ಲಿ ಮಾತ್ರ ಸೋಂಕನ್ನು ಹಿಡಿಯುತ್ತದೆ. ತೆಗೆದ ರಕ್ತ ಕಡಿಮೆಯಾದರೆ, ಅಥವಾ ರಕ್ತ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ, ಆ ಪ್ರಮಾಣ ಇನ್ನೂ ಇಳಿಯುತ್ತದೆ. ಸೀಕ್ವೆನ್ಸಿಂಗ್ ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಜ್ವರ ಬಂದವರ ರಕ್ತವನ್ನು ಔಷಧಕ್ಕೆ ಮುಂಚೆ ಕಲ್ಚರಿಗೆ ಕಳಿಸುವ ಅಭ್ಯಾಸ ಇಲ್ಲದ ಕಡೆ ಅದಕ್ಕೆ ಓದಲು ಏನೂ ಇರುವುದಿಲ್ಲ. ಈ ಇಡೀ ವಿಷಯದಲ್ಲಿ ಒಂದೇ ಮಾತನ್ನು ಒತ್ತಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಮಗುವಿಗೆ ಟೈಫಾಯ್ಡ್ ಎಂದಿದ್ದಾರೆ. ಚಿಕಿತ್ಸೆಗೆ ಜೀನೋಮ್ ವರದಿ ಬೇಕೇ?

ಬೇಡ. ಮಗುವಿಗೆ ಬೇಕಾಗಿರುವುದು ಬ್ಲಡ್ ಕಲ್ಚರ್, ಅದರೊಂದಿಗೆ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯುತ್ತದೆ ಎಂದು ತೋರಿಸುವ ಸೆನ್ಸಿಟಿವಿಟಿ ವರದಿ, ಮತ್ತು ಅದನ್ನು ನೋಡಿ ನಿರ್ಧರಿಸುವ ವೈದ್ಯರು. ಜೀನೋಮ್ ವರದಿ ಬಹುಮಟ್ಟಿಗೆ ಊರಿನ ಆರೋಗ್ಯಕ್ಕಾಗಿ, ಮುಂದಿನ ರೋಗಿಗಾಗಿ. ಅದಕ್ಕಾಗಿ ಕಾಯುತ್ತ ಚಿಕಿತ್ಸೆಯನ್ನು ತಡಮಾಡಬಾರದು.

## ಪ್ರಯೋಗಾಲಯದೊಳಗೆ

ರಕ್ತದ ಬಾಟಲಿಯಿಂದ ವರದಿಯವರೆಗೆ ಏನೇನು ನಡೆಯುತ್ತದೆ?

ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಸೇರಿಸಿ ದೇಹದ ಉಷ್ಣತೆಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಡತೊಡಗಿದಾಗ ಸ್ವಯಂಚಾಲಿತ ಯಂತ್ರ ಅದನ್ನು ಗುರುತಿಸಿ ಸೂಚನೆ ಕೊಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ. ಆ ದ್ರವದ ಒಂದು ಹನಿಗೆ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಲಾಬಿ ಬಣ್ಣದ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ಕಾಣುತ್ತವೆ. ಮ್ಯಾಕಾಂಕಿ ಅಗಾರ್ ತಟ್ಟೆಯ ಮೇಲೆ ಹರಡಿದರೆ ಮರುದಿನ ಬಣ್ಣವಿಲ್ಲದ, ಮಸುಕಾದ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಪ್ಪೆಗಳು, ಬರುತ್ತವೆ, ಏಕೆಂದರೆ ಟೈಫಿ ಲ್ಯಾಕ್ಟೋಸ್ ಸಕ್ಕರೆಯನ್ನು ಬಳಸುವುದಿಲ್ಲ. ಜೀವರಾಸಾಯನಿಕ ಪರೀಕ್ಷೆ ಮತ್ತು ಆ್ಯಂಟಿಸೀರಂನಿಂದ ಗುರುತು ಖಚಿತವಾಗುತ್ತದೆ. ಜೊತೆಯಲ್ಲೇ ಔಷಧದ ಡಿಸ್ಕ್ ಇಟ್ಟು ಸೆನ್ಸಿಟಿವಿಟಿ ನೋಡುತ್ತಾರೆ.

ಸೀಕ್ವೆನ್ಸಿಂಗ್ ಆರಂಭವಾಗುವುದು ಇದೆಲ್ಲ ಮುಗಿದ ಮೇಲೆ. ಒಂದೇ ಒಂದು ಕಾಲನಿಯನ್ನು ಆರಿಸಿ ಮತ್ತೆ ಬೆಳೆಸಿ, ಡಿಎನ್‌ಎ ಬೇರ್ಪಡಿಸಿ, ತುಂಡರಿಸಿ, ಪ್ರತಿ ಮಾದರಿಗೂ ಗುರುತಿನ ತುಣುಕೊಂದನ್ನು ಅಂಟಿಸಿ, ಹಲವು ಮಾದರಿಗಳನ್ನು ಒಟ್ಟಿಗೆ ಯಂತ್ರಕ್ಕೆ ಹಾಕುತ್ತಾರೆ. ಇಲ್ಯುಮಿನಾ ಯಂತ್ರಗಳು ನೂರೈವತ್ತು, ಮುನ್ನೂರು ಅಕ್ಷರಗಳ ಚಿಕ್ಕ ತುಣುಕುಗಳನ್ನು ಬಹಳ ನಿಖರವಾಗಿ ಓದುತ್ತವೆ. ನ್ಯಾನೊಪೋರ್ ಯಂತ್ರಗಳು ಸಾವಿರಾರು ಅಕ್ಷರಗಳ ಉದ್ದದ ತುಣುಕುಗಳನ್ನು ಓದುತ್ತವೆ. ಎಲ್ಲವೂ ಸಿದ್ಧವಿರುವ ಪ್ರಯೋಗಾಲಯದಲ್ಲಿ ಕಾಲನಿಯಿಂದ ವರದಿಗೆ ಕೆಲವೇ ದಿನಗಳು ಸಾಕು. ಬಹುಪಾಲು ತಡವಾಗುವುದು ಯಂತ್ರದಿಂದಲ್ಲ. ರಾಸಾಯನಿಕಗಳು ಬಂದು ಸೇರುವುದಕ್ಕೆ, ಯಂತ್ರ ತುಂಬುವಷ್ಟು ಮಾದರಿಗಳು ಕೂಡುವುದಕ್ಕೆ, ಮಾದರಿಗಳು ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಸಾಗುವುದಕ್ಕೆ ವಾರಗಳು ಕಳೆದುಹೋಗುತ್ತವೆ.

ಡಿಎನ್‌ಎ ನೋಡಿದ ಮಾತ್ರಕ್ಕೆ ಯಾವ ಔಷಧ ಕೆಲಸಮಾಡುವುದಿಲ್ಲ ಎಂದು ಹೇಗೆ ಹೇಳುತ್ತಾರೆ?

ನಿರೋಧಕತೆಗೆ ಎರಡು ಬಗೆಯ ಕಾರಣಗಳಿವೆ, ಎರಡೂ ಜೀನೋಮಿನಲ್ಲಿ ಕಾಣುತ್ತವೆ. ಒಂದು, ಬ್ಯಾಕ್ಟೀರಿಯಾದ ಸ್ವಂತ ಜೀನ್‌ನಲ್ಲಿ ಅಕ್ಷರವೊಂದು ಬದಲಾಗುವುದು. ಸಿಪ್ರೊಫ್ಲಾಕ್ಸಸಿನ್ ದಾಳಿಮಾಡುವ ಪ್ರೋಟೀನಿನ ಜೀನ್‌ಗೆ ಗೈರ್‌ಎ ಎಂದು ಹೆಸರು. ಆ ಪ್ರೋಟೀನಿನ 83ನೇ ಸ್ಥಾನದಲ್ಲಿ ಸೆರೀನ್ ಇರಬೇಕಾದ ಕಡೆ ಫಿನೈಲ್‌ಅಲನೀನ್ ಬಂದರೆ ಔಷಧದ ಹಿಡಿತ ಸಡಿಲವಾಗುತ್ತದೆ. ಅದರ ಜೊತೆ ಅದೇ ಪ್ರೋಟೀನಿನ 87ನೇ ಸ್ಥಾನದಲ್ಲಿಯೂ ಪಾರ್‌ಸಿ ಎಂಬ ಇನ್ನೊಂದು ಜೀನ್‌ನ ಪ್ರೋಟೀನಿನ 80ನೇ ಸ್ಥಾನದಲ್ಲಿಯೂ ಬದಲಾವಣೆಯಾಗಿ ಮೂರೂ ಕೂಡಿದರೆ ಆ ಔಷಧಕುಟುಂಬವೇ ನಿರುಪಯುಕ್ತವಾಗುತ್ತದೆ. ನೇಪಾಳದಲ್ಲಿ ಅದೇ ಕುಟುಂಬದ ಗ್ಯಾಟಿಫ್ಲಾಕ್ಸಸಿನ್ ಔಷಧದ ವೈದ್ಯಕೀಯ ಪ್ರಯೋಗವೊಂದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು; ಚಿಕಿತ್ಸೆ ವಿಫಲವಾದ ರೋಗಿಗಳ ಬ್ಯಾಕ್ಟೀರಿಯಾವನ್ನು ಸೀಕ್ವೆನ್ಸ್ ಮಾಡಿದಾಗ ಕಂಡದ್ದು ಈ ಮೂರು ಬದಲಾವಣೆಗಳನ್ನೂ ಹೊತ್ತ ತಳಿ. ಅಜಿತ್ರೊಮೈಸಿನ್ ವಿಷಯದಲ್ಲಿಯೂ ಹೀಗೆಯೇ: ಔಷಧವನ್ನು ಹೊರಗೆ ತಳ್ಳುವ ಪಂಪಿನ ಭಾಗವಾದ ಎಸಿಆರ್‌ಬಿ ಪ್ರೋಟೀನಿನ 717ನೇ ಸ್ಥಾನದ ಒಂದೇ ಬದಲಾವಣೆ ಸಾಕು ಎಂಬುದನ್ನು ಬಾಂಗ್ಲಾದೇಶದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟರು.

ಎರಡನೆಯದು, ಹೊರಗಿನಿಂದ ಬಂದ ಜೀನ್. ಸೆಫ್ಟ್ರಿಯಾಕ್ಸೋನ್ ಔಷಧವನ್ನು ಒಡೆದುಹಾಕುವ ಕಿಣ್ವವನ್ನು ಕೊಡುವ ಸಿಟಿಎಕ್ಸ್-ಎಂ-15 ಅಂಥದ್ದು. ಟೈಫಿಯಲ್ಲಿ ಜೀನೋಮ್ ನೋಡಿ ಹೇಳಿದ್ದಕ್ಕೂ ತಟ್ಟೆಯ ಮೇಲೆ ಕಂಡದ್ದಕ್ಕೂ ಬಹಳ ಮಟ್ಟಿಗೆ ತಾಳೆಯಾಗುತ್ತದೆ. ಆದರೆ ಪಟ್ಟಿಯಲ್ಲಿ ಈಗಾಗಲೇ ಇರುವ ಕಾರಣಗಳನ್ನಷ್ಟೇ ಸಾಫ್ಟ್‌ವೇರ್ ಹುಡುಕುತ್ತದೆ. ಹೊಸ ಬಗೆಯ ನಿರೋಧಕತೆ ಮೊದಲು ಕಾಣುವುದು ತಟ್ಟೆಯ ಮೇಲೆಯೇ, ಆದ್ದರಿಂದ ಡಿಸ್ಕ್ ಪರೀಕ್ಷೆಯನ್ನು ಕೈಬಿಡುವಂತಿಲ್ಲ.

ಹಳೆಯ ಟೈಪಿಂಗ್ ವಿಧಾನಗಳು ಸಾಲುವುದಿಲ್ಲವೇ?

ತಳಿಗಳನ್ನು ಬೇರ್ಪಡಿಸಿ ಗುರುತಿಸುವ ಫೇಜ್ ಟೈಪಿಂಗ್, ಪಿಎಫ್‌ಜಿಇ ಮುಂತಾದ ವಿಧಾನಗಳು ದಶಕಗಳ ಕಾಲ ದುಡಿದಿವೆ. ಆದರೆ ಟೈಫಿ ಬಹಳ ಏಕರೂಪದ ಬ್ಯಾಕ್ಟೀರಿಯಾ. ಇಂದು ಹಲವು ದೇಶಗಳಲ್ಲಿ ಹೆಚ್ಚಿನ ಸೋಂಕುಗಳು ಎಚ್58 ಎಂಬ ಒಂದೇ ವಂಶಶಾಖೆಗೆ ಸೇರಿವೆ. ಈ ವಿಧಾನಗಳ ಕಣ್ಣಿಗೆ ಆ ಶಾಖೆಯೊಳಗಿನ ಕವಲುಗಳು ಸರಿಯಾಗಿ ಬೇರ್ಪಟ್ಟು ಕಾಣುವುದಿಲ್ಲ.

## ಸಾಂಕ್ರಾಮಿಕದ ಜಾಡಿನಲ್ಲಿ

ಪಾಕಿಸ್ತಾನದ ಎಕ್ಸ್‌ಡಿಆರ್ ಟೈಫಾಯ್ಡ್ ಎಂದು ಕೇಳಿದ್ದೇವೆ. ಅಲ್ಲಿ ಸೀಕ್ವೆನ್ಸಿಂಗ್ ಏನು ಮಾಡಿತು?

2016ರ ನವೆಂಬರಿನಿಂದ ಸಿಂಧ್ ಪ್ರಾಂತದ ಹೈದರಾಬಾದ್ ನಗರದಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಟೈಫಾಯ್ಡ್ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಕಾಣಿಸಿಕೊಂಡರು. ಮೊದಲ ಸಾಲಿನ ಮೂರು ಹಳೆಯ ಔಷಧಗಳು, ಸಿಪ್ರೊಫ್ಲಾಕ್ಸಸಿನ್ ಸೇರಿರುವ ಫ್ಲೂರೊಕ್ವಿನೊಲೋನ್‌ಗಳು, ಅದರ ಮೇಲೆ ಸೆಫ್ಟ್ರಿಯಾಕ್ಸೋನ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು, ಇಷ್ಟಕ್ಕೂ ಜಗ್ಗದ ತಳಿಗೆ ಎಕ್ಸ್‌ಡಿಆರ್ ಎನ್ನುತ್ತಾರೆ. ಬಾಯಿಯ ಮೂಲಕ ಕೊಡಬಹುದಾದ ಔಷಧಗಳಲ್ಲಿ ಅಜಿತ್ರೊಮೈಸಿನ್ ಒಂದೇ ಉಳಿದಿತ್ತು. ಅದರಾಚೆ ಇದ್ದದ್ದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಮೆರೊಪೆನೆಮ್‌ನಂಥ ದುಬಾರಿ ಔಷಧ.

ಆಗ ಎದುರಿದ್ದ ಪ್ರಶ್ನೆ ಇದು: ಬೇರೆಬೇರೆ ತಳಿಗಳು ತಾವಾಗಿ ಈ ಶಕ್ತಿ ಪಡೆದುಕೊಂಡವೋ, ಒಂದೇ ತಳಿ ಎಲ್ಲೆಡೆ ಹಬ್ಬುತ್ತಿದೆಯೋ? ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ಸಂಶೋಧಕರು ಜೊತೆಗೂಡಿ ಮಾದರಿಗಳನ್ನು ಸೀಕ್ವೆನ್ಸ್ ಮಾಡಿ 2018ರಲ್ಲಿ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು. ಎಲ್ಲವೂ ಎಚ್58 ಶಾಖೆಯ ಒಂದೇ ಕವಲು. ಹಳೆಯ ಮೂರು ಔಷಧಗಳ ನಿರೋಧಕ ಜೀನ್‌ಗಳು ಅದರ ಮುಖ್ಯ ಡಿಎನ್‌ಎಯಾದ ಕ್ರೋಮೋಸೋಮಿನಲ್ಲೇ ಕೂತಿದ್ದವು. ಸಿಟಿಎಕ್ಸ್-ಎಂ-15 ಮತ್ತು ಕ್ವಿನೊಲೋನ್‌ಗಳನ್ನು ತಡೆಯುವ ಇನ್ನೊಂದು ಜೀನ್, ಇನ್ಕ್‌ವೈ ವರ್ಗದ ಪ್ಲಾಸ್ಮಿಡ್ ಒಂದರ, ಅಂದರೆ ಕ್ರೋಮೋಸೋಮಿನಿಂದ ಬೇರೆಯಾಗಿರುವ ಡಿಎನ್‌ಎ ಉಂಗುರವೊಂದರ, ಮೇಲೇರಿ ಬಂದಿದ್ದವು. ಅಂಥದೇ ಪ್ಲಾಸ್ಮಿಡ್ ಈ ಮೊದಲೇ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕಂಡುಬಂದಿತ್ತು. ಅಂದರೆ ನಮ್ಮ ಕರುಳಿನಲ್ಲಿ, ಚರಂಡಿಯಲ್ಲಿ ಸಹಜವಾಗಿ ಇರುವ ಬೇರೊಂದು ಬ್ಯಾಕ್ಟೀರಿಯಾದ ಗುಂಪಿನಿಂದ ಟೈಫಿ ಒಂದೇ ಹೆಜ್ಜೆಯಲ್ಲಿ ಈ ಶಕ್ತಿಯನ್ನು ಎತ್ತಿಕೊಂಡಿತ್ತು.

ಒಂದೇ ತಳಿ ಹಬ್ಬುತ್ತಿದೆ ಎಂದಾದರೆ ಹರಡುವ ದಾರಿಯನ್ನು ಮುಚ್ಚುವುದಕ್ಕೆ ಅರ್ಥವಿದೆ. ಕ್ಷೇತ್ರದಲ್ಲಿ ನಡೆದ ತನಿಖೆ ಚರಂಡಿ ನೀರು ಬೆರೆತ ಕುಡಿಯುವ ನೀರಿನ ಕಡೆ ಬೊಟ್ಟು ಮಾಡಿತು. ಹೈದರಾಬಾದಿನ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಕೊಡಲಾಯಿತು. ಆ ಲಸಿಕೆ ಎಕ್ಸ್‌ಡಿಆರ್ ಟೈಫಾಯ್ಡ್ ವಿರುದ್ಧ ಶೇಕಡಾ 97ರಷ್ಟು ಪರಿಣಾಮಕಾರಿ ಎಂದು ಅಲ್ಲಿ ನಡೆದ ಅಧ್ಯಯನ 2021ರಲ್ಲಿ ವರದಿ ಮಾಡಿತು. 2019ರ ನವೆಂಬರಿನಲ್ಲಿ, ಈ ಲಸಿಕೆಯನ್ನು ವಾಡಿಕೆಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿದ ಮೊದಲ ದೇಶ ಪಾಕಿಸ್ತಾನವಾಯಿತು, ಆರಂಭ ಸಿಂಧ್‌ನಿಂದಲೇ.

ಇಬ್ಬರು ರೋಗಿಗಳ ಬ್ಯಾಕ್ಟೀರಿಯಾ ಅಕ್ಷರಶಃ ಒಂದೇ ಬಂದರೆ ಒಬ್ಬರಿಂದ ಇನ್ನೊಬ್ಬರಿಗೆ ಹರಡಿದೆ ಎಂದು ತಾನೇ ಅರ್ಥ?

ಹಾಗೆ ಹೇಳುವಂತಿಲ್ಲ, ಈ ತಪ್ಪು ತಿಳಿವಳಿಕೆ ಯಾರದೋ ಮೇಲೆ ಗೂಬೆ ಕೂರಿಸುವುದಕ್ಕೆ ದಾರಿಯಾಗುತ್ತದೆ. ಟೈಫಿಯ 48 ಲಕ್ಷ ಅಕ್ಷರಗಳಲ್ಲಿ ವರ್ಷಕ್ಕೆ ಸರಾಸರಿ ಒಂದಕ್ಕಿಂತ ಕಡಿಮೆ ಬದಲಾವಣೆ ಆಗುತ್ತದೆ. ಹಾಗಾಗಿ ಒಂದೇ ನೀರಿನ ಮೂಲದಿಂದ ಸೋಂಕು ತಗುಲಿದ ಇಪ್ಪತ್ತು ಜನರ ಬ್ಯಾಕ್ಟೀರಿಯಾಗಳೂ ಒಂದೇ ರೀತಿ ಇರಬಹುದು, ಅವರಲ್ಲಿ ಯಾರೂ ಯಾರಿಗೂ ರೋಗ ಹರಡಿರದಿದ್ದರೂ. ಜೊತೆಗೆ ಕೆಲವರ ಪಿತ್ತಕೋಶದಲ್ಲಿ ಟೈಫಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದಿರುತ್ತದೆ. ಅಂಥವರಿಂದ ಬಹಳ ಕಾಲದ ನಂತರವೂ ಹೆಚ್ಚುಕಡಿಮೆ ಬದಲಾಗದ ತಳಿ ಹೊರಬರಬಹುದು. ಜೀನೋಮ್ ಗಟ್ಟಿಯಾಗಿ ಹೇಳಬಲ್ಲದ್ದು ಇದರ ವಿರುದ್ಧದ ಮಾತನ್ನು: ಎರಡರ ನಡುವೆ ಹತ್ತಾರು ಅಕ್ಷರಗಳ ವ್ಯತ್ಯಾಸವಿದ್ದರೆ ಅವು ಈಚಿನ ಒಂದೇ ಸರಪಳಿಯವಲ್ಲ.

ಈ ‘ಅಲ್ಲ’ ಎಂಬ ಉತ್ತರಕ್ಕೂ ದೊಡ್ಡ ಬೆಲೆಯಿದೆ. ಕಠ್ಮಂಡುವಿನಲ್ಲಿ ರೋಗಿಗಳ ಮನೆಗಳನ್ನು ಜಿಪಿಎಸ್‌ನಿಂದ ಗುರುತಿಸಿ, ಅವರ ಬ್ಯಾಕ್ಟೀರಿಯಾಗಳ ಡಿಎನ್‌ಎ ಗುರುತುಗಳೊಂದಿಗೆ ಜೋಡಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಒಂದೇ ಮನೆಯಲ್ಲಿ ಕಾಯಿಲೆ ಬಿದ್ದವರಲ್ಲಿಯೂ ಬೇರೆಬೇರೆ ತಳಿಗಳು ಕಂಡವು. ಮನೆಯೊಳಗೆ ಒಬ್ಬರಿಂದೊಬ್ಬರಿಗೆ ಹರಡುತ್ತಿದೆ ಎಂಬ ಊಹೆಗೆ ಅಲ್ಲಿ ಆಧಾರ ಉಳಿಯಲಿಲ್ಲ. ರೋಗ ದಟ್ಟವಾಗಿದ್ದದ್ದು ತಗ್ಗು ಪ್ರದೇಶದಲ್ಲಿ ಮತ್ತು ಸಾರ್ವಜನಿಕ ನೀರಿನ ಮೂಲಗಳ ಹತ್ತಿರ. ಅಡುಗೆ ಮಾಡಿದ ಗೃಹಿಣಿಯ ಮೇಲೆ ಬೀಳಬಹುದಾಗಿದ್ದ ಸಂಶಯವನ್ನು ತೊಡೆದು ನೀರಿನ ಕಡೆ ನೋಡುವಂತೆ ಮಾಡಿದ್ದು ಆ ತಳಿಗಳ ನಡುವಿನ ವ್ಯತ್ಯಾಸ. ಈ ಕ್ಷೇತ್ರದ ಅಧ್ಯಯನಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದು.

ನಿರೋಧಕ ತಳಿಗಳು ದೇಶದಿಂದ ದೇಶಕ್ಕೆ ಎಷ್ಟು ಸಲ ಹೋಗಿವೆ ಎಂದು ಲೆಕ್ಕ ಹಾಕಲು ಸಾಧ್ಯವೇ?

ಕನಿಷ್ಠ ಲೆಕ್ಕ ಸಾಧ್ಯ. ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನಗಳಲ್ಲಿ 2014ರಿಂದ 2019ರವರೆಗೆ ಸಂಗ್ರಹಿಸಿದ 3,489 ಮಾದರಿಗಳ ಜೀನೋಮ್‌ಗಳನ್ನು ಹಿಂದಿನ ಸಾವಿರಾರು ಜೀನೋಮ್‌ಗಳ ಜೊತೆ ಸೇರಿಸಿ ನಡೆಸಿದ ವಿಶ್ಲೇಷಣೆ 2022ರಲ್ಲಿ ಪ್ರಕಟವಾಯಿತು. 1990ರ ನಂತರ ನಿರೋಧಕ ಟೈಫಿ ದೇಶಗಳ ಗಡಿ ದಾಟಿದ್ದು ಕನಿಷ್ಠ 197 ಬಾರಿ ಎಂದು ಅದು ತೋರಿಸಿತು. ಹೆಚ್ಚಿನ ಸಂಚಾರ ದಕ್ಷಿಣ ಏಷ್ಯಾದೊಳಗೇ ನಡೆದಿದೆ. ಅಲ್ಲಿಂದ ಆಗ್ನೇಯ ಏಷ್ಯಾಕ್ಕೂ ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳಿಗೂ ತಳಿಗಳು ಹೋಗಿವೆ.

## ಆಳಕ್ಕಿಳಿಯುವ ಪ್ರಶ್ನೆಗಳು

ನಿರೋಧಕ ಜೀನ್ ಪ್ಲಾಸ್ಮಿಡ್‌ನಲ್ಲಿದ್ದರೇನು, ಕ್ರೋಮೋಸೋಮಿನಲ್ಲಿದ್ದರೇನು? ಅಷ್ಟು ಮುಖ್ಯವೇ?

ಬಹಳ ಮುಖ್ಯ. ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದ ಮೇಲಿರುವ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಅದನ್ನು ಹೊತ್ತಿರುವುದಕ್ಕೆ ಬ್ಯಾಕ್ಟೀರಿಯಾ ಶಕ್ತಿಯನ್ನೂ ವ್ಯಯಿಸಬೇಕಾಗುವುದರಿಂದ, ಔಷಧದ ಒತ್ತಡ ತಗ್ಗಿದಾಗ ಅದು ಕಳೆದುಹೋಗುವ ಸಾಧ್ಯತೆಯೂ ಇದೆ. ಅದೇ ಜೀನ್ ಟ್ರಾನ್ಸ್‌ಪೋಸಾನ್ ಎಂಬ ಜಾಗ ಬದಲಿಸಬಲ್ಲ ಡಿಎನ್‌ಎ ತುಣುಕಿನ ಮೂಲಕ ಕ್ರೋಮೋಸೋಮಿಗೆ ಜಿಗಿದು ಕೂತರೆ ಪ್ರತಿ ವಿಭಜನೆಯಲ್ಲೂ ಮಗಳ ಕೋಶಗಳಿಗೆ ತಪ್ಪದೆ ಹೋಗುತ್ತದೆ, ಮತ್ತು ಹೊಸದೊಂದು ಪ್ಲಾಸ್ಮಿಡ್‌ಗೆ ಜಾಗ ತೆರವಾಗುತ್ತದೆ. ಸಿಂಧ್‌ನ ತಳಿಯಲ್ಲಿ ಎರಡೂ ಒಟ್ಟಿಗೆ ಕಂಡವು.

ಚಿಕ್ಕ ತುಣುಕುಗಳನ್ನು ಓದುವ ಯಂತ್ರ ಇಲ್ಲಿ ಎಡವುತ್ತದೆ. ನಿರೋಧಕ ಜೀನ್‌ಗಳ ಅಕ್ಕಪಕ್ಕದಲ್ಲಿ ಒಂದೇ ಅಕ್ಷರಸಾಲು ಹಲವು ಬಾರಿ ಮರುಕಳಿಸುವುದರಿಂದ, ಜೀನ್ ಇದೆ ಎಂದು ತಿಳಿದರೂ ಅದು ಎಲ್ಲಿ ಕೂತಿದೆ ಎಂಬುದು ತಿಳಿಯುವುದಿಲ್ಲ. ಪ್ರತಿ ಕವಲಿನಿಂದ ಕೆಲವು ಮಾದರಿಗಳನ್ನಾದರೂ ಉದ್ದ ತುಣುಕು ಓದುವ ಯಂತ್ರದಲ್ಲಿ ಓದಿಸುವುದು ಇದಕ್ಕಾಗಿಯೇ.

ಜಾಗತಿಕ ನಕ್ಷೆಯಲ್ಲಿ ಒಂದು ದೇಶ ಖಾಲಿ ಕಂಡರೆ ಅಲ್ಲಿ ನಿರೋಧಕ ಟೈಫಾಯ್ಡ್ ಇಲ್ಲವೆಂದೇ?

ಅಲ್ಲಿ ಹುಡುಕಿಲ್ಲ ಎಂದು ಓದಿಕೊಳ್ಳುವುದು ಸರಿ. ಟೈಫಾಯ್ಡ್ ಜೀನೋಮ್ ಅಧ್ಯಯನ ನಡೆಸುವವರ ಜಾಗತಿಕ ಒಕ್ಕೂಟ 2023ರಲ್ಲಿ 110 ದೇಶಗಳ ಸುಮಾರು 13,000 ಜೀನೋಮ್‌ಗಳನ್ನು ಒಟ್ಟುಗೂಡಿಸಿತು. ಎಷ್ಟೋ ದೇಶಗಳ ಬಗ್ಗೆ ನಮಗೆ ಗೊತ್ತಿರುವುದು, ಅಲ್ಲಿಗೆ ಹೋಗಿಬಂದ ಪ್ರವಾಸಿಗರು ಶ್ರೀಮಂತ ದೇಶಗಳಲ್ಲಿ ಜ್ವರದಿಂದ ಆಸ್ಪತ್ರೆ ಸೇರಿದಾಗ ಸೀಕ್ವೆನ್ಸ್ ಮಾಡಿದ ಬೆರಳೆಣಿಕೆಯ ಮಾದರಿಗಳಿಂದ. ಅದರಿಂದ ಯಾವ ತಳಿ ಅಲ್ಲಿದೆ ಎಂದು ತಿಳಿಯಬಹುದೇ ಹೊರತು ನೂರು ರೋಗಿಗಳಲ್ಲಿ ಎಷ್ಟು ಮಂದಿಗೆ ಎಂದು ಹೇಳಲಾಗದು. ಚಿಕಿತ್ಸೆಗೆ ಜಗ್ಗದ ಮಾದರಿಗಳನ್ನೇ ಆರಿಸಿ ಸೀಕ್ವೆನ್ಸಿಂಗ್‌ಗೆ ಕಳಿಸುವ ರೂಢಿ ಇನ್ನೊಂದು ತೊಡಕು: ಹಾಗೆ ಮಾಡಿದರೆ ಆ ಊರಿನ ನಿರೋಧಕತೆಯ ಪ್ರಮಾಣ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಯಾವ ಮಾದರಿಯನ್ನು ಏಕೆ ಆರಿಸಿದ್ದು ಎಂಬುದನ್ನು ಪ್ರತಿ ಜೀನೋಮಿನ ಜೊತೆ ಬರೆದಿಡುವುದು, ದಿನಾಂಕ ಮತ್ತು ಸ್ಥಳವನ್ನು ಬರೆದಿಡುವಷ್ಟೇ ಅಗತ್ಯ.

ಜೀನೋಮನ್ನು ಸಾರ್ವಜನಿಕವಾಗಿ ಹಂಚಿಕೊಂಡರೆ ರೋಗಿಯ ಗುಟ್ಟು ಬಯಲಾಗುವುದಿಲ್ಲವೇ?

ಶುದ್ಧ ಕಾಲನಿಯಿಂದ ಓದಿದ ಜೀನೋಮ್ ಬ್ಯಾಕ್ಟೀರಿಯಾದ್ದು, ರೋಗಿಯದ್ದಲ್ಲ. ಅಪಾಯವಿರುವುದು ಅದರ ಜೊತೆಗಿಡುವ ವಿವರಗಳಲ್ಲಿ. ಚಿಕ್ಕ ಊರಿನ ಹೆಸರು, ನಿಖರ ದಿನಾಂಕ, ವಯಸ್ಸು, ಲಿಂಗ ಇಷ್ಟೂ ಒಟ್ಟಾದರೆ ವ್ಯಕ್ತಿಯನ್ನು ಗುರುತಿಸುವುದು ಕಷ್ಟವಲ್ಲ. ಸಾರ್ವಜನಿಕ ಭಂಡಾರಕ್ಕೆ ವರ್ಷ ಅಥವಾ ತಿಂಗಳು ಮತ್ತು ಜಿಲ್ಲೆ ಸಾಕು. ಬೀದಿಯ ಮಟ್ಟದ ವಿವರ ಸ್ಥಳೀಯ ಆರೋಗ್ಯಾಧಿಕಾರಿಗಳ ಬಳಿ ಉಳಿಯಲಿ.

ರೋಗಿಗಳ ರಕ್ತಕ್ಕೆ ಕಾಯುವ ಬದಲು ಚರಂಡಿ ನೀರನ್ನೇ ಸೀಕ್ವೆನ್ಸ್ ಮಾಡಬಾರದೇ?

ಪ್ರಯತ್ನಗಳು ನಡೆದಿವೆ, ಭರವಸೆಯೂ ಇದೆ, ಆದರೆ ಕೆಲಸ ಸುಲಭವಲ್ಲ. ಚರಂಡಿ ನೀರಿನಲ್ಲಿ ಟೈಫಿ ಅತಿ ವಿರಳ, ಇತರ ಬ್ಯಾಕ್ಟೀರಿಯಾಗಳು ಅಪಾರ. ಟೈಫಿಯನ್ನು ಅಲ್ಲಿಂದ ಬೆಳೆಸಿ ತೆಗೆಯುವುದು ಬಹಳ ಕಷ್ಟ. ಹಾಗಾಗಿ ಹೆಚ್ಚಿನವರು ದೊಡ್ಡ ಪ್ರಮಾಣದ ನೀರನ್ನು ಸೋಸಿ, ಅಥವಾ ಬಟ್ಟೆಯ ಸುರುಳಿಯನ್ನು ಹರಿವಿನಲ್ಲಿ ಒಂದೆರಡು ದಿನ ಇಳಿಬಿಟ್ಟು, ಸಿಕ್ಕದ್ದರಲ್ಲಿ ಟೈಫಿಗೆ ವಿಶಿಷ್ಟವಾದ ಡಿಎನ್‌ಎ ಇದೆಯೇ ಎಂದು ಪಿಸಿಆರ್‌ನಿಂದ ನೋಡುತ್ತಾರೆ. ಟೈಫಿಗೆ ಸೋಂಕು ತಗುಲಿಸಿ ಬದುಕುವ ಫೇಜ್ ವೈರಸ್‌ಗಳು ನೀರಿನಲ್ಲಿವೆಯೇ ಎಂದು ಹುಡುಕುವುದು ಇನ್ನೂ ಅಗ್ಗದ ದಾರಿ. ಇವುಗಳಿಂದ ಟೈಫಿ ಈ ಪ್ರದೇಶದಲ್ಲಿ ಸುತ್ತುತ್ತಿದೆ ಎಂದು ತಿಳಿಯುತ್ತದೆ. ನಿರೋಧಕ ಜೀನ್ ಅದರದ್ದೋ, ಪಕ್ಕದಲ್ಲಿದ್ದ ಇ. ಕೋಲಿಯದ್ದೋ ಎಂದು ತಿಳಿಯುವುದಿಲ್ಲ, ಏಕೆಂದರೆ ಎಲ್ಲರ ಡಿಎನ್‌ಎ ಒಂದೇ ಮಡಕೆಯಲ್ಲಿ ಬೆರೆತಿರುತ್ತದೆ. ಎಚ್58ರ ಕವಲುಗಳನ್ನು ಗುರುತಿಸುವ ಆಯ್ದ ಭಾಗಗಳನ್ನಷ್ಟೇ ಪಿಸಿಆರ್‌ನಿಂದ ಹೆಚ್ಚಿಸಿ ಓದುವ ವಿಧಾನಗಳು ಈಗ ರೂಪುಗೊಳ್ಳುತ್ತಿವೆ. ಬ್ಲಡ್ ಕಲ್ಚರ್ ಸೌಲಭ್ಯವೇ ಇಲ್ಲದ ಊರುಗಳಲ್ಲಿ ಲಸಿಕೆ ಎಲ್ಲಿ ಮೊದಲು ಬೇಕು ಎಂದು ನಿರ್ಧರಿಸುವುದಕ್ಕೆ ಇವು ನೆರವಾಗುತ್ತವೆ. ಯಾವ ಔಷಧ ಕೊಡಬೇಕು ಎಂಬುದನ್ನು ತಿಳಿಯಲು ಈಗಲೂ ರೋಗಿಯ ರಕ್ತದಿಂದ ಬೆಳೆಸಿದ ಕಾಲನಿಯೇ ಬೇಕು.